ಗಾಜಿನ ಕಣ್ಣಿಗೆ ಕಬ್ಬಿಣದ ಸಾಕ್ಷಿ

1939ರ ಚಳಿಗಾಲದಲ್ಲಿ ಸೋವಿಯತ್ ಸೇನೆಯು ಫಿನ್ಲೆಂಡಿನ ಮೇಲೆ ದಂಡೆತ್ತಿ ಬಂದಾಗ ಅದನ್ನು ಎದುರಿಸಿದವರಲ್ಲಿ ಸಿಮೊ ಹಾಯ್ಹಾ ಎಂಬ ಗಿಡ್ಡನೆಯ ರೈತನೊಬ್ಬನಿದ್ದನು. ಹಿಮದಲ್ಲಿ ಹೊಂಚಿ ಕುಳಿತು ಗುಂಡು ಹಾರಿಸುವುದು ಆತನ ಕೆಲಸ. ಆತನ ಗುಂಡಿಗೆ ಬಿದ್ದವರು ಐನೂರಕ್ಕೂ ಹೆಚ್ಚೆಂದು ಲೆಕ್ಕ ಹೇಳುವುದುಂಟು. ಆಶ್ಚರ್ಯವೆಂದರೆ ಆತನ ರೈಫಲಿನ ಮೇಲೆ ದೂರದರ್ಶಕವಿರಲಿಲ್ಲ. ನಳಿಗೆಯ ತುದಿಯಲ್ಲೊಂದು ಕಬ್ಬಿಣದ ಮೊನೆ, ಕಣ್ಣಿನ ಕಡೆಗೊಂದು ಕಚ್ಚು. ಇಷ್ಟೇ ಆತನ ಸಾಧನ. ದೂರದರ್ಶಕದಲ್ಲಿ ನೋಡಬೇಕಾದರೆ ತಲೆಯನ್ನು ತುಸು ಮೇಲೆತ್ತಬೇಕು. ಗಾಜು ಬಿಸಿಲಿಗೆ ಮಿನುಗಿ ಅಡಗುತಾಣವನ್ನು ಬಯಲುಮಾಡುತ್ತದೆ. ಕೊರೆಯುವ ಚಳಿಯಲ್ಲಿ ಅದರ ಮೇಲೆ ಮಂಜು ಕಟ್ಟುತ್ತದೆ. ಕಬ್ಬಿಣಕ್ಕೆ ಈ ಚಿಂತೆಗಳಿಲ್ಲ. 1940ರ ಮಾರ್ಚಿಯಲ್ಲಿ ದವಡೆಗೆ ಗುಂಡು ತಗುಲಿಯೂ ಬದುಕಿ ಉಳಿದ ಆತನು 2002ರಲ್ಲಿ, ತನ್ನ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು.

ಆದರೆ ಇಂದಿನ ಗಾಜು ಆ ಕಾಲದ ಗಾಜಲ್ಲ. ಒಳಗಿನ ತೇವದ ಗಾಳಿಯನ್ನು ಕಳೆದು, ನೈಟ್ರೋಜನ್ ತುಂಬಿ, ಲೋಹದ ಗಟ್ಟಿ ಕವಚದೊಳಗೆ ಮುಚ್ಚಿದ ಸಾಧನವು ನೀರಿನಲ್ಲಿ ಮುಳುಗಿದರೂ ಕಲ್ಲಿನ ಮೇಲೆ ಬಿದ್ದರೂ ಸುಲಭವಾಗಿ ಕೆಡದು. ಹೀಗಿರುವಾಗ ಅದರ ಜೊತೆಗೆ ಹಳೆಯ ಮೊನೆ, ಕಚ್ಚುಗಳನ್ನು ಏಕೆ ಹೊರಬೇಕು? ಬಂದೂಕು ಬಲ್ಲವರಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ತೋರಬಹುದು. ಕುದುರೆ ಎಳೆಯುವ ಸಿಪಾಯಿಗೆ ಮಾತ್ರ ಇದು ಪ್ರಾಣದ ಪ್ರಶ್ನೆ.

ಕಬ್ಬಿಣದ ಗುರಿಯಲ್ಲಿ ಒಂದು ಸಹಜವಾದ ತೊಡಕಿದೆ. ಕಚ್ಚು, ಮೊನೆ, ಗುರಿ ಈ ಮೂರೂ ಮೂರು ದೂರದಲ್ಲಿವೆ. ಮಾನವನ ಕಣ್ಣು ಒಮ್ಮೆಗೆ ಒಂದನ್ನೇ ಸ್ಪಷ್ಟವಾಗಿ ಕಾಣಬಲ್ಲುದು. ಹಕ್ಕಿಯೊಂದನ್ನಲ್ಲದೆ ಬೇರೇನನ್ನೂ ಕಾಣೆನೆಂದು ಅರ್ಜುನನು ದ್ರೋಣರಿಗೆ ಹೇಳಿದನಷ್ಟೆ. ಬಂದೂಕಿನ ಗುರುಗಳು ಕಲಿಸುವುದು ಇದಕ್ಕೆ ತೀರ ವಿರುದ್ಧವಾದ ಪಾಠ: ಮೊನೆಯನ್ನು ಸ್ಪಷ್ಟವಾಗಿ ನೋಡು, ಹಕ್ಕಿ ಮಸುಕಾದರೂ ಸರಿಯೆ! ನಲವತ್ತು ದಾಟಿ, ಹತ್ತಿರದ ದೃಷ್ಟಿ ಕುಂದಿದವರಿಗೆ ಆ ಮೊನೆಯೇ ಮಸುಕಾಗತೊಡಗುತ್ತದೆ.

ಈ ತೊಡಕನ್ನು ನೀಗಿದ್ದು ಕೆಂಪು ಬೊಟ್ಟಿನ ಸಾಧನ. ಡಬ್ಲಿನ್ನಿನ ಹೊವರ್ಡ್ ಗ್ರಬ್ 1900ರಲ್ಲೇ ಇದರ ತತ್ತ್ವವನ್ನು ಹೊರಗೆಡವಿದ್ದನು. ವಿದ್ಯುತ್ತಿನ ಬೊಟ್ಟನ್ನು 1975ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ. ಗಾಜಿನಲ್ಲಿ ತೇಲುವ ಬೊಟ್ಟು ದೂರದ ಗುರಿಯ ಮೇಲೆಯೇ ಕುಳಿತಂತೆ ಕಾಣುವುದರಿಂದ ಕಣ್ಣು ಎರಡು ಕಡೆ ಹೊಯ್ದಾಡಬೇಕಿಲ್ಲ. ಅಮೆರಿಕದ ಭೂಸೇನೆ ಇದನ್ನು 1997ರಲ್ಲಿ ಸ್ವೀಕರಿಸಿತು. ಇದೇ ಕಂಪನಿಯ ಮುಂದಿನ ಮಾದರಿಯೊಂದು ಒಂದೇ ಬ್ಯಾಟರಿಯಿಂದ ಎಂಟು ವರ್ಷ ಬೆಳಗುವುದೆಂದು ತಯಾರಕರ ಮಾತು.

ಇನ್ನು ಹಳೆಯ ತಲೆಮಾರಿನ ಎಚ್ಚರಿಕೆ ನೋಡಿ. 1977ರಲ್ಲಿ ಆಸ್ಟ್ರಿಯದ ಸೇನೆ ಒಂದೂವರೆ ಪಟ್ಟು ದೊಡ್ಡದಾಗಿ ತೋರಿಸುವ ಗಾಜನ್ನು ರೈಫಲಿಗೇ ಸೇರಿಸಿತಾದರೂ ಅದರ ನೆತ್ತಿಯ ಮೇಲೆ ಪುಟ್ಟದೊಂದು ಕಬ್ಬಿಣದ ಗುರಿಯನ್ನೂ ಉಳಿಸಿತು. ಬ್ರಿಟಿಷರು ತಮ್ಮ ಸೂಸಾಟ್ ಎಂಬ ನಾಲ್ಕು ಪಟ್ಟಿನ ದೂರದರ್ಶಕಕ್ಕೂ ಹೀಗೆಯೇ ಮಾಡಿದರು.

ಕಬ್ಬಿಣ ಬೇಡವೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ದೂರದರ್ಶಕ ಹೊತ್ತ ಬೇಟೆಯ ರೈಫಲಿಗೆ ಅದು ನಿಜವಾಗಿಯೂ ಅನಾವಶ್ಯಕ. ಗಾಜು ಕೆಟ್ಟರೆ ಬೇಟೆಗಾರ ಮನೆಗೆ ಹೋಗುತ್ತಾನೆ, ಜಿಂಕೆ ಬದುಕುತ್ತದೆ; ನಷ್ಟವೇನು? ಅಲ್ಲದೆ, ಎಂದೂ ಹೊಂದಿಸದೆ ಮಡಿಸಿಟ್ಟ ಕಬ್ಬಿಣವನ್ನು ನಂಬುವುದೂ ಒಂದು ಭ್ರಾಂತಿಯೇ. ಕಾಗದದ ಗುರಿಗೆ ಹೊಡೆದು, ಗುಂಡು ಬಿದ್ದ ಕಡೆಗೆ ಮೊನೆಯನ್ನು ತಿದ್ದಿಕೊಳ್ಳದಿದ್ದರೆ ಅದು ರೈಫಲಿಗೊಂದು ಆಭರಣ ಮಾತ್ರ.

ಆದರೆ ಈ ಚರ್ಚೆಯಲ್ಲಿ ಬಹುಮಂದಿ ಗಾಜು ಒಡೆಯುವುದೆ, ಬ್ಯಾಟರಿ ತೀರುವುದೆ ಎಂದಷ್ಟೇ ಕೇಳುತ್ತಾರೆ. ಒಡೆದ ಗಾಜು ತಾನು ಒಡೆದಿರುವೆನೆಂದು ತಾನೇ ಹೇಳುತ್ತದೆ. ಆರಿದ ಬೊಟ್ಟೂ ಅಷ್ಟೆ. ಭಯಪಡಬೇಕಾದದ್ದು ಚೆನ್ನಾಗಿ ಬೆಳಗುತ್ತಲೇ ಸುಳ್ಳು ಹೇಳುವ ಗಾಜಿಗೆ. ಇದು ಕಲ್ಪನೆಯಲ್ಲ. 2015ರಲ್ಲಿ ಅಮೆರಿಕದ ಎಲ್-3 ಕಂಪನಿಯು ತನ್ನ ಈಓಟೆಕ್ ಸಾಧನಗಳ ವಿಷಯದಲ್ಲಿ ಸರಕಾರಕ್ಕೆ 2 ಕೋಟಿ 56 ಲಕ್ಷ ಡಾಲರು ತೆತ್ತು ಮೊಕದ್ದಮೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕಾಯಿತು. ತೀವ್ರವಾದ ಚಳಿ ಅಥವಾ ಸೆಕೆಯಲ್ಲಿ ಅವುಗಳ ಗುರಿ ಪಲ್ಲಟವಾಗುತ್ತಿತ್ತೆಂದೂ, ಕಂಪನಿ ಅದನ್ನು ತಿಳಿದೂ ಮರೆಮಾಡಿತೆಂದೂ ಸರಕಾರದ ಆರೋಪ. ಅಂಥ ಸಾಧನ ಹಿಡಿದ ಸಿಪಾಯಿಯ ಕಣ್ಣೆದುರು ಗುರುತು ಎಂದಿನಂತೆ ಉಜ್ವಲವಾಗಿಯೇ ಇರುತ್ತದೆ. ಗುಂಡು ಮಾತ್ರ ಬೇರೆಡೆಗೆ ಹೋಗುತ್ತದೆ. ತಪ್ಪಿದ್ದು ತನ್ನ ಕೈಯೇ ಇರಬೇಕೆಂದು ಅವನು ಭಾವಿಸುತ್ತಾನೆ.

ಕಬ್ಬಿಣದ ನಿಜವಾದ ಉಪಯೋಗ ಇಲ್ಲಿದೆಯೆಂದು ನನಗೆ ತೋರುತ್ತದೆ. ಕೆಂಪು ಬೊಟ್ಟಿನ ಗಾಜಿನ ಮೂಲಕವೇ ಮೊನೆ, ಕಚ್ಚು ಎರಡೂ ಕಾಣುವಂತೆ ಎತ್ತರವನ್ನು ಹೊಂದಿಸಿ, ಎರಡನ್ನೂ ಒಂದೇ ಗುರಿಗೆ ತಿದ್ದಿಟ್ಟರೆ ಬೊಟ್ಟು ಮೊನೆಯ ತುದಿಯಲ್ಲಿ ಬಂದು ಕುಳಿತುಕೊಳ್ಳುತ್ತದೆ. ಒಂದು ಬೆಳಗ್ಗೆ ಅದು ಪಕ್ಕಕ್ಕೆ ಸರಿದಿದ್ದರೆ, ಎರಡರಲ್ಲೊಂದು ಕದಲಿದೆ. ಯಾವುದೆಂಬುದನ್ನು ಕಾಗದದ ಗುರಿಯೇ ತೀರ್ಮಾನಿಸಬೇಕು. ಏಕೆಂದರೆ ಕಬ್ಬಿಣವೂ ಪೆಟ್ಟು ತಿಂದು ಬಾಗಬಹುದು. ಆದರೆ ಸಂಶಯ ಹುಟ್ಟಿತಲ್ಲ, ಅದೇ ಲಾಭ! ದೊಡ್ಡದಾಗಿ ತೋರಿಸುವ ದೂರದರ್ಶಕಕ್ಕೆ ಈ ಭಾಗ್ಯವಿಲ್ಲ. ಅದರೊಳಗೆ ಮೊನೆ ಮಸುಕು ನೆರಳಾಗಿ ಹೋಗುತ್ತದೆ.

2022ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಹೊಸ ರೈಫಲಿನ ಗುರಿಸಾಧನದಲ್ಲಿ ಲೇಸರಿನಿಂದ ದೂರವಳೆಯುವ ಯಂತ್ರವೂ ಲೆಕ್ಕ ಹಾಕುವ ಗಣಕವೂ ಇವೆ. ಬ್ಯಾಟರಿ ತೀರಿದರೂ ಅಳಿಯದಂತೆ ಗಾಜಿನಲ್ಲೇ ಕೊರೆದ ಗೆರೆಗಳಿವೆ. ಆದರೂ ಆ ರೈಫಲಿಗೆ ಮಡಿಚುವ ಕಬ್ಬಿಣದ ಗುರಿಯನ್ನು ಜೋಡಿಸಿಯೇ ಇದ್ದಾರೆ.

ಒಂದು ಮಾತು ಉಳಿಯಿತು. ಗಾಜಿಗೆ ಕೆಸರು ಮೆತ್ತಿದರೆ ಅದರ ಮೂಲಕ ಕಾಣುವ ಕಬ್ಬಿಣಕ್ಕೂ ಕತ್ತಲೆಯೆ. ಆದುದರಿಂದ ಗಾಜನ್ನು ಒಂದೇ ಸನ್ನೆಯಿಂದ ಕಳಚುವಂತೆ ಕೂಡಿಸಿರಬೇಕು. ಇಲ್ಲವೆ, ಕೆಲವರು ಮಾಡುವಂತೆ, ಮೊನೆ ಕಚ್ಚುಗಳನ್ನು ನಳಿಗೆಯ ಪಕ್ಕಕ್ಕೆ 45 ಡಿಗ್ರಿ ಓರೆಯಾಗಿ ಜೋಡಿಸಬೇಕು. ಆಗ ಸಿಪಾಯಿ ರೈಫಲನ್ನು ಹೆಗಲಿನಿಂದ ಇಳಿಸದೆ ತುಸು ಹೊರಳಿಸಿದರೆ ಸಾಕು.