ಮೇಪಲ್ ಎಲೆ ಬಿಡಿ, ಎಕ್ಕದ ಗಿಡ ನೋಡಿ

ದಸರೆ ರಜೆಗೆ ಪುಟಾಣಿಗಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಚಿಂತೆಯೇ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದವರಿಗೆ ಪಾಠ ಮನೆ ಹತ್ತಿರವೇ ಇದೆ.

ಅಕ್ಟೋಬರ್ ಬಂತೆಂದರೆ ವೈಟ್‌ಫೀಲ್ಡ್ ಕಡೆಯ ಎಷ್ಟೋ ನರ್ಸರಿ ಶಾಲೆಗಳ ಗೋಡೆ ಮೇಲೆ ಕಿತ್ತಳೆ ಬಣ್ಣದ ಮೇಪಲ್ ಎಲೆಗಳು ಮೂಡುತ್ತವೆ. ಅವನ್ನು ಕತ್ತರಿಸಿ ಅಂಟಿಸಿದ ಮಕ್ಕಳು, ಪಾಪ, ಆ ಮರವನ್ನು ಕಂಡವರಲ್ಲ. ಕಾಂಪೌಂಡಿನಾಚೆ ಹೊಂಗೆ ಹಸಿರಾಗಿಯೇ ನಿಂತಿರುತ್ತದೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಆಶ್ವಯುಜ-ಕಾರ್ತಿಕದ ಶರದೃತು ಬೆಂಗಳೂರಿಗೆ ಹಸಿರಿನ ಕಾಲ. ಅತಿ ಹೆಚ್ಚು ಮಳೆಯ ಸೆಪ್ಟೆಂಬರ್ ಮುಗಿದು ರಾಗಿ ತೆನೆ ಕಟ್ಟುವ ಹೊತ್ತು. ಮಾಡಿ ಕಲಿಯುವ ಪಾಠವನ್ನು ಬೇರೆ ದೇಶದ ಹವೆಯಿಂದ ಕಡ ತರುವುದೇಕೆ?

ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆಗೆ ಹೊರಟರೆ ಲೇಔಟ್‌ಗಳ ನಡುನಡುವೆ ಇನ್ನೂ ರಾಗಿ ಹೊಲಗಳಿವೆ. ಹೊಲದವರನ್ನು ಕೇಳಿಕೊಂಡು ಮಕ್ಕಳನ್ನು ಬದುವಿನ ಮೇಲೆ ನಡೆಸಿ, ಅಕ್ಕಡಿ ಸಾಲು ತೋರಿಸಿ. ರಾಗಿ ನಡುವೆ ಅವರೆ, ತೊಗರಿ, ಹಳದಿ ಹೂ ಬಿಟ್ಟ ಹುಚ್ಚೆಳ್ಳು, ಅಂಚಿನಲ್ಲಿ ಹರಳು. ಎಷ್ಟು ಬಗೆ ಬೆಳೆ ಇದೆ, ಯಾವ ಹೂವಿಗೆ ಜೇನುಹುಳ ಹೆಚ್ಚು ಬರುತ್ತದೆ, ಎಣಿಸಲಿ. ರೈತರು ಒಪ್ಪಿದರೆ ಒಂದು ಅವರೆ ಗಿಡ ಕಿತ್ತು ಬೇರಿನ ಗಂಟು ನೋಡಬಹುದು. ಗಾಳಿಯ ಸಾರಜನಕವನ್ನು ಮಣ್ಣಿಗೆ ತರುವುದು ಆ ಗಂಟುಗಳೊಳಗಿನ ಸೂಕ್ಷ್ಮಜೀವಿಗಳು. ಪುಸ್ತಕದಲ್ಲಿ ಈ ಪಾಠ ಬರುವುದು ಎಷ್ಟೋ ವರ್ಷ ಬಿಟ್ಟು. ಹರಳು ಬೀಜ ವಿಷ, ಬಾಯಿಗೆ ಹೋಗದಂತೆ ನಿಗಾ ಇರಲಿ.

ಅಷ್ಟು ದೂರ ಆಗದವರಿಗೆ ಖಾಲಿ ಸೈಟಿನ ಎಕ್ಕದ ಗಿಡ ಸಾಕು. ಪ್ಲೇನ್ ಟೈಗರ್ ಎಂಬ ಕಿತ್ತಳೆ ಚಿಟ್ಟೆ ಮೊಟ್ಟೆ ಇಡುವುದು ಅದರ ಎಲೆಯ ಮೇಲೆ. ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಕಂಡರೆ ದಿನವೂ ಅದೇ ಗಿಡಕ್ಕೆ ಹೋಗಿ ಚಿತ್ರ ಬಿಡಿಸಿ. ರಜೆ ಮುಗಿಯುವುದರೊಳಗೆ ಅದು ಕೋಶ ಕಟ್ಟಿರಬಹುದು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ, ಹಾಗಾಗಿ ಎಲೆ ಕೀಳುವುದು ಬೇಡ. ಹುಳುವನ್ನು ಡಬ್ಬಿಗೆ ತುಂಬಿ ಮನೆಗೆ ತರುವ ಉತ್ಸಾಹವನ್ನು ಅಪ್ಪಂದಿರೂ ತಡೆದುಕೊಳ್ಳಲಿ.

ಮಳೆ ಬಿಡುವು ಕೊಟ್ಟ ದಿನ ಬೇಗೂರಿಗೆ ಹೋಗಿ. ನಾಗೇಶ್ವರ ದೇಗುಲದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ, ಅದರಲ್ಲಿ ‘ಬೆಂಗಳೂರು’ ಎಂಬ ಹೆಸರಿದೆ. ವೈಟ್‌ಫೀಲ್ಡಿನವರಿಗೆ ಐಟಿಪಿಎಲ್ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ 1043ರ ತಮಿಳು ಶಾಸನ. ಕಲ್ಲಿಗೆ ಬಣ್ಣ, ಸುಣ್ಣ ಸೋಕಿಸದೆ, ನೋಡಿಕೊಂಡೇ ನಾಲ್ಕು ಅಕ್ಷರ ಬರೆದುಕೊಂಡರೆ ಸಾಕು.

ಪೀಣ್ಯದ ಗೇಟು ತೆರೆಯುವ ದಿನ

ಎಲ್ಲಕ್ಕಿಂತ ದೊಡ್ಡ ಪಾಠಶಾಲೆ ಪೀಣ್ಯ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್‌ಗಳೇ ಸಾವಿರಗಟ್ಟಲೆ. ಓಡುವ ಯಂತ್ರದ ಹತ್ತಿರ ಮಕ್ಕಳು ಬರಲಾಗದು, ಬರಲೂಬಾರದು. ಆಯುಧಪೂಜೆಯ ದಿನ ಮಾತ್ರ ಕರೆಂಟು ಆರಿಸಿ ಲೇಥು, ಡ್ರಿಲ್ಲಿಂಗ್ ಮಷೀನುಗಳ ಗ್ರೀಸು ಒರೆಸಿ, ಅರಿಶಿನ-ಕುಂಕುಮ ಹಚ್ಚಿ, ಬಾಳೆಕಂದು ಕಟ್ಟುತ್ತಾರೆ. ಗೇಟಿನ ಮುಂದೆ ಬೂದುಗುಂಬಳ ಒಡೆಯುತ್ತಾರೆ (ಚೂರುಗಳನ್ನು ರಸ್ತೆಯಿಂದ ಬಳಿದು ಹಾಕಿದರೆ ಸ್ಕೂಟರಿನವರು ಹರಸುತ್ತಾರೆ). ಕೆಲಸಗಾರರ ಹೆಂಡತಿ-ಮಕ್ಕಳು ಹೊಸ ಬಟ್ಟೆ ತೊಟ್ಟು ಬರುತ್ತಾರೆ. ಕಡಲೆಪುರಿ, ಸಿಹಿಯ ಪೊಟ್ಟಣ ಹಿಡಿದು ವಾಪಸಾಗುತ್ತಾರೆ.

ಪೊಟ್ಟಣ ಕೊಡುವ ಮುನ್ನ ಅರ್ಧ ಗಂಟೆ ಮಕ್ಕಳಿಗೆ ಕೊಡಿ. ವರ್ನಿಯರ್ ಕ್ಯಾಲಿಪರ್ ಕೈಗಿತ್ತು ನಾಣ್ಯದ ದಪ್ಪ, ರಾಗಿ ಕಾಳಿನ ಅಗಲ ಅಳೆಯಲು ಹೇಳಿ. ಕಾಗದವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಬರುವ ತ್ರಿಕೋನವನ್ನು ಪೆನ್ಸಿಲ್‌ಗೆ ಸುತ್ತಿಸಿ. ಅದರ ಅಂಚು ಸುತ್ತಿಸುತ್ತಿ ಮೇಲೇರುತ್ತದೆ. ಪಕ್ಕಕ್ಕೊಂದು ಬೋಲ್ಟ್ ಇಟ್ಟರೆ ಥ್ರೆಡ್ ಏನೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಾನು ಕಡೆದ ಬಿಡಿಭಾಗ ಯಾವ ಪಂಪಿಗೆ, ಯಾವ ಬಸ್ಸಿಗೆ ಹೋಗುತ್ತದೆಂದು ಲೇಥಿನ ಮುಂದೆ ನಿಂತು ಅಪ್ಪನೇ ಹೇಳಲಿ. ಆ ಮಗುವಿಗೆ ಅವತ್ತು ಅಪ್ಪನೇ ಮೇಷ್ಟ್ರು. ಕೈಗಡಿಯಾರದ ಒಳಗು ನೋಡಬೇಕೆನ್ನುವವರಿಗೆ ಹತ್ತಿರದ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ವಸ್ತುಸಂಗ್ರಹಾಲಯವಿದೆ.

ಸಾಫ್ಟ್‌ವೇರಿನವರ ಮಕ್ಕಳೂ ಇಲ್ಲಿಗೆ ಬರಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಿಂದ ಪೀಣ್ಯಕ್ಕೆ ಆರ್.ವಿ. ರಸ್ತೆಯಲ್ಲಿ ಒಮ್ಮೆ ಮೆಟ್ರೊ ಬದಲಿಸಿದರಾಯಿತು. ವೈಟ್‌ಫೀಲ್ಡಿನವರು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.

ಇನ್ನು ಪೀಣ್ಯದ ಮಾಲೀಕರಿಗೆ ಒಂದು ಕೋರಿಕೆ. ದಸರೆ ರಜೆಗೆ ಶಾಲೆಗಳು ಬಾಗಿಲು ಹಾಕುವ ಮೊದಲೇ ನಿಮ್ಮ ರಸ್ತೆಯ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ಆಯುಧಪೂಜೆಗೆ ಮಕ್ಕಳನ್ನು ಕಳಿಸಿಕೊಡಿ ಎನ್ನಿ.