ಹಿಡಿಯದ ಕ್ಲಚ್, ಬಿಡದ ಕ್ಲಚ್: ದುಡ್ಡು ಕೊಡುವ ಮುನ್ನ ನೋಡಬೇಕಾದದ್ದು

ಕೌತಾಳಂ ಸುತ್ತಲಿನ ಊರುಗಳಲ್ಲಿ ಮುಂಜಾನೆ ಮಕ್ಕಳನ್ನು ಕನ್ನಡ ಶಾಲೆಗೆ ಬಿಡುವ ಬೈಕೇ ಮಧ್ಯಾಹ್ನ ಗೊಬ್ಬರದ ಚೀಲ ಹೊತ್ತು ಹೊಲಕ್ಕೆ ಹೋಗುತ್ತದೆ. ಮರುದಿನ ಆದೋನಿಯ ಹತ್ತಿ ಮಾರುಕಟ್ಟೆಗೋ ಸಿರುಗುಪ್ಪದ ನೆಂಟರ ಮನೆಗೋ ಹೊರಡುತ್ತದೆ. ಅದು ನಿಂತರೆ ಮನೆಯ ಅರ್ಧ ಕೆಲಸ ನಿಂತಂತೆ. ಆದ್ದರಿಂದಲೇ ಗೇರು ಬೀಳಲು ತಕರಾರು ಮಾಡಿದೊಡನೆ ನಾವು ಅವಸರದಿಂದ ಮೆಕ್ಯಾನಿಕ್ ಬಳಿಗೆ ಓಡುತ್ತೇವೆ, ‘ಕ್ಲಚ್ ಹೋಗಿದೆ’ ಎನ್ನುತ್ತೇವೆ. ಆದೋನಿಯಲ್ಲಾದರೆ ಅದೇ ಮಾತು ತೆಲುಗಿನಲ್ಲಿ ‘ಕ್ಲಚ್ ಪೋಯಿಂದಿ’ ಆಗುತ್ತದೆ. ಎರಡು ಭಾಷೆಗಳಲ್ಲೂ ಮಾತು ಅಷ್ಟೇ ಅಸ್ಪಷ್ಟ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳಿಗೆ ಈ ಒಂದೇ ಹೆಸರು ಸಲ್ಲುತ್ತಿದೆ. ಕೇಬಲ್ ಬಿಗಿ ಸರಿಪಡಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಪ್ಲೇಟುಗಳ ಹಣ ತೆರುವುದು ಬಹುಮಟ್ಟಿಗೆ ಈ ಅಸ್ಪಷ್ಟತೆಯಿಂದಲೇ.

ಕ್ಲಚ್ಚಿನ ಕೆಲಸವನ್ನು ಎಂಟನೆಯ ತರಗತಿಯ ಮಗುವೂ ಅರ್ಥ ಮಾಡಿಕೊಳ್ಳಬಲ್ಲದು. ಶಾಲೆಯಲ್ಲಿ ಕಲಿತ ಘರ್ಷಣೆಯ ಪಾಠವೇ ಇಲ್ಲಿದೆ. ನಮ್ಮಲ್ಲಿ ಹೆಚ್ಚಾಗಿ ಓಡುವ ನೂರು, ನೂರಿಪ್ಪತ್ತೈದು ಸಿಸಿ ಬೈಕುಗಳಲ್ಲಿ ಎಂಜಿನ್ನಿನ ಬಲಬದಿಯ ಮುಚ್ಚಳದೊಳಗೆ ಒಂದರ ಮೇಲೊಂದು ಜೋಡಿಸಿದ ದುಂಡನೆಯ ಪ್ಲೇಟುಗಳಿರುತ್ತವೆ. ಒಂದು ಘರ್ಷಣೆಯ ಪದರ ಅಂಟಿಸಿದ್ದು, ಅದರ ಮೇಲೆ ಬರಿಯ ಉಕ್ಕಿನದು, ಮತ್ತೆ ಪದರದ್ದು, ಹೀಗೆ. ಒಂದು ಬಗೆಯವು ಎಂಜಿನ್ ಜೊತೆ ತಿರುಗುತ್ತವೆ, ಇನ್ನೊಂದು ಬಗೆಯವು ಗೇರ್ ಬಾಕ್ಸ್ ಜೊತೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಾಗ ಎರಡೂ ಒಂದಾಗಿ ತಿರುಗಿ ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುತ್ತದೆ. ನಾವು ಎಡಗೈಯ ಲಿವರ್ ಹಿಡಿದಾಗ ಕೇಬಲ್ ಎಳೆಯಲ್ಪಟ್ಟು ಸ್ಪ್ರಿಂಗಿನ ಒತ್ತಡ ಸಡಿಲಿ ಪ್ಲೇಟುಗಳು ಬಿಡುತ್ತವೆ. ಹಿಡಿಯುವುದು, ಬಿಡುವುದು: ಕ್ಲಚ್ಚಿಗೆ ಇರುವುದು ಇವೆರಡೇ ಕೆಲಸ. ಆದ್ದರಿಂದ ಅದರ ರೋಗಗಳೂ ಎರಡೇ.

ಹಿಡಿಯದ ಕ್ಲಚ್ಚಿನ ಲಕ್ಷಣ ಭಾರ ಹೊತ್ತಾಗ ಕಾಣುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಕೆಲವೊಮ್ಮೆ ಸುಟ್ಟ ವಾಸನೆಯೂ ಬರುತ್ತದೆ. ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದು ಒಮ್ಮೆಲೇ ಆಕ್ಸಿಲರೇಟರ್ ತಿರುಗಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಿಡದ ಕ್ಲಚ್ಚಿನ ಲಕ್ಷಣ ಇದಕ್ಕೆ ತೀರ ವಿರುದ್ಧ. ಲಿವರನ್ನು ಪೂರ್ತಿ ಹಿಡಿದಿದ್ದರೂ ಬೈಕು ಮುಂದಕ್ಕೆ ತೆವಳುತ್ತದೆ. ಮೊದಲ ಗೇರು ‘ಖಟ್’ ಎಂದು ಜೋರಾಗಿ ಬೀಳುತ್ತದೆ. ನಿಂತಲ್ಲಿ ನ್ಯೂಟ್ರಲ್ ಸಿಗುವುದೇ ಇಲ್ಲ. ಶಾಲೆಯ ಗೇಟಿನ ಮುಂದೆ ಮಕ್ಕಳ ಗುಂಪಿನಲ್ಲಿ ಬೈಕು ತಾನಾಗಿ ಮುಂದೆ ಜಗ್ಗುವುದು ಎಂತಹ ಅಪಾಯವೆಂದು ಪಾಲಕರಿಗೆ ಹೇಳಬೇಕಾಗಿಲ್ಲ. ಹಿಡಿಯದ ಕ್ಲಚ್ ಜೇಬಿಗೆ ಕೆಡುಕು, ಬಿಡದ ಕ್ಲಚ್ ಜೀವಕ್ಕೆ. ಎರಡನೆಯದನ್ನು ಒಂದು ದಿನವೂ ಮುಂದೂಡಬಾರದೆಂಬುದು ನಮ್ಮ ಅಭಿಪ್ರಾಯ.

ಎರಡಕ್ಕೂ ಮೊದಲು ನೋಡಬೇಕಾದದ್ದು ಕೇಬಲ್ಲಿನ ಸಡಿಲ. ಲಿವರಿನ ತುದಿಯನ್ನು ಒಂದು ಬೆರಳಿನಿಂದ ಎಳೆದರೆ ಮೊದಲಿಗೆ ಅದು ಬಿಗಿಯಿಲ್ಲದೆ ಸ್ವಲ್ಪ ಚಲಿಸಬೇಕು. ಅನೇಕ ಬೈಕುಗಳಿಗೆ ಈ ಚಲನೆ ತುದಿಯಲ್ಲಿ 10 ರಿಂದ 20 ಮಿಲಿಮೀಟರ್ ಇರಬೇಕು. ಖಚಿತ ಅಳತೆ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಸಡಿಲ ಇಲ್ಲವೇ ಇಲ್ಲವೆಂದರೆ ನಾವು ಕೈಬಿಟ್ಟ ಮೇಲೂ ಕೇಬಲ್ ಕ್ಲಚ್ಚನ್ನು ಅಷ್ಟಿಷ್ಟು ಎಳೆದೇ ಇಟ್ಟಿರುತ್ತದೆ. ಆಗ ಅದು ಜಾರುತ್ತದೆ. ಸಡಿಲ ಅತಿಯಾದರೆ ಪೂರ್ತಿ ಹಿಡಿದರೂ ಪ್ಲೇಟುಗಳು ಬಿಡುವುದಿಲ್ಲ. ಪ್ಲೇಟು ಸವೆದಂತೆ ಈ ಸಡಿಲ ಕಡಿಮೆಯಾಗುತ್ತದೆ, ಕೇಬಲ್ ಹಿಗ್ಗಿದಂತೆ ಹೆಚ್ಚುತ್ತದೆ. ಒಮ್ಮೆ ಸರಿಮಾಡಿಸಿದೆವೆಂದು ಮರೆಯುವಂತಿಲ್ಲ, ತಿಂಗಳಿಗೊಮ್ಮೆ ನೋಡಬೇಕು. ಅಲ್ಪಸ್ವಲ್ಪ ವ್ಯತ್ಯಾಸಕ್ಕೆ ಲಿವರಿನ ಬುಡದಲ್ಲಿರುವ ತಿರುಪು ಸಾಕು. ಹೆಚ್ಚಿನದಕ್ಕೆ ಕೇಬಲ್ಲಿನ ಕೆಳತುದಿಯ ನಟ್ಟುಗಳನ್ನು ಸ್ಪ್ಯಾನರಿನಿಂದ ಹೊಂದಿಸಬೇಕು. ಬಳಿಕ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಸಡಿಲ ಬದಲಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಲಿವರ್ ಗಡುಸಾಗಿದ್ದರೆ ಕೇಬಲ್ಲಿನೊಳಗೆ ಧೂಳು, ತುಕ್ಕು ಸೇರಿದೆ ಎಂದರ್ಥ. ತಂತಿಯ ಎಳೆಗಳು ಸಾಮಾನ್ಯವಾಗಿ ಲಿವರಿಗೆ ಸಿಕ್ಕಿಸಿದ ಗುಂಡಿನ ಬಳಿಯಲ್ಲೇ ಒಂದೊಂದಾಗಿ ಹರಿಯತೊಡಗುತ್ತವೆ. ಒಂದೆರಡು ಎಳೆ ಬಿಚ್ಚಿಕೊಂಡದ್ದು ಕಂಡರೆ ಅಂದೇ ಕೇಬಲ್ ಬದಲಿಸುವುದು ಲೇಸು. ಅದು ಪ್ಲೇಟುಗಳಿಗಿಂತ ಬಹಳ ಅಗ್ಗ. ಒಂದು ಹೊಸ ಕೇಬಲ್ ಸುರುಳಿ ಸುತ್ತಿ ಬೈಕಿನಲ್ಲಿಟ್ಟುಕೊಂಡರೆ ಹೊಲದ ದಾರಿಯಲ್ಲಿ ಕತ್ತಲಾಗುವುದು ತಪ್ಪುತ್ತದೆ.

ಕೇಬಲ್ ಸರಿಯಿದ್ದೂ ಕ್ಲಚ್ ಜಾರುತ್ತಿದ್ದರೆ ಮುಂದಿನ ಪ್ರಶ್ನೆ ಆಯಿಲ್ಲಿನದು. ಈ ಬೈಕುಗಳ ಪ್ಲೇಟುಗಳು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್ಲಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿರುವುದುಂಟು. ಅದು ಎಂಜಿನ್ನಿಗೆ ಹಿತ, ಘರ್ಷಣೆಯಿಂದಲೇ ಬದುಕುವ ಕ್ಲಚ್ಚಿಗೆ ಅಹಿತ. ಗೇರಿನ ಬೈಕಿಗೆ ಕೊಳ್ಳುವ ಡಬ್ಬಿಯ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂಬ ಗುರುತು ಇರಬೇಕು. ‘ಎಂಬಿ’ ಗುರುತಿನದು ಗೇರಿಲ್ಲದ ಸ್ಕೂಟರುಗಳಿಗೆ ಸಲ್ಲುವಂಥದ್ದು. ಟ್ರ್ಯಾಕ್ಟರಿಗೆ ತಂದು ಉಳಿದದ್ದನ್ನು ಬೈಕಿಗೆ ಸುರಿಯುವ ಉಳಿತಾಯ ಬೇಡ.

ಇವೆರಡೂ ಸರಿಯಿದ್ದ ಮೇಲಷ್ಟೇ ಪ್ಲೇಟುಗಳ ಸರದಿ. ಮುಚ್ಚಳ ಬಿಚ್ಚಿಸುವಾಗ ಎದುರಿಗಿದ್ದು ಹಳೆಯ ಪ್ಲೇಟುಗಳನ್ನು ತೋರಿಸಲು ಕೇಳಬೇಕು. ಅದು ಅನುಮಾನವಲ್ಲ, ಒಳ್ಳೆಯ ಮೆಕ್ಯಾನಿಕ್ ತಾನಾಗಿಯೇ ತೋರಿಸುತ್ತಾನೆ. ಪದರ ತೆಳುವಾಗಿ ಕರಿದಾಗಿದ್ದರೆ, ಉಕ್ಕಿನ ಪ್ಲೇಟು ಕಾವಿಗೆ ನೀಲಿಗಟ್ಟಿದ್ದರೆ ಬದಲಿಸಬೇಕಾದದ್ದು ನಿಜ. ಜೊತೆಗೆ ಸ್ಪ್ರಿಂಗುಗಳನ್ನೂ ಅಳೆಯಿಸಬೇಕು. ಹೊಸ ಪ್ಲೇಟುಗಳನ್ನು ಆಯಿಲ್ಲಿನಲ್ಲಿ ನೆನೆಸಿಯೇ ಕೂರಿಸಬೇಕು.

ಇನ್ನು ಮೂರನೆಯ ದೋಷ, ಗೇರಿನದು. ಕ್ಲಚ್ಚಿನದೋ ಗೇರ್ ಬಾಕ್ಸಿನದೋ ಎಂದು ತಿಳಿಯಲು ಮನೆಯ ಅಂಗಳದಲ್ಲೇ ಒಂದು ಪರೀಕ್ಷೆಯಿದೆ. ಎಂಜಿನ್ ಆರಿಸಿ, ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಗೇರುಗಳನ್ನು ಒಂದೊಂದಾಗಿ ಹಾಕಿ ತೆಗೆಯಬೇಕು. ಬೆರಳುಗಳು ಚೈನಿಗೂ ಅರಗಳಿಗೂ ದೂರವಿರಲಿ. ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ತಕರಾರು ಬಂದರೆ ದೋಷ ಬಹುತೇಕ ಬಿಡದ ಕ್ಲಚ್ಚಿನದೇ. ಆರಿಸಿದಾಗಲೂ ಬೀಳದಿದ್ದರೆ ಮೊದಲು ಕಾಲಿನ ಗೇರ್ ಲಿವರ್ ಬಾಗಿದೆಯೇ, ಅದರ ಬೋಲ್ಟು ಸಡಿಲವೇ ಎಂದು ನೋಡಬೇಕು. ಬೈಕು ಒಮ್ಮೆ ಬಿದ್ದಿದ್ದರೆ ಇದು ಸಾಮಾನ್ಯ. ಹಾಕಿದ ಗೇರು ಓಡುವಾಗ ತಾನಾಗಿ ಜಾರಿ ಹೊರಬರುತ್ತಿದ್ದರೆ ಒಳಗಿನ ಹಲ್ಲುಗಳೋ ಅವನ್ನು ಸರಿಸುವ ಫೋರ್ಕೋ ಸವೆದಿದೆ. ಅದು ಎಂಜಿನ್ ಬಿಚ್ಚುವ ಕೆಲಸ, ಖರ್ಚೂ ದೊಡ್ಡದು. ಮುಂಜಾನೆಯ ಮೊದಲ ಗೇರಿನ ಸದ್ದು ಮಾತ್ರ ರೋಗವಲ್ಲ; ತಣ್ಣನೆಯ ಆಯಿಲ್ಲಿನಲ್ಲಿ ಪ್ಲೇಟುಗಳು ಅಂಟಿಕೊಂಡಿರುತ್ತವೆ, ಅಷ್ಟೆ.

ನಮ್ಮ ಎರೆ ಭೂಮಿಗೆ ಇದರಲ್ಲಿ ಒಂದು ಪಾಲಿದೆ. ಮಳೆಗಾಲದ ಹೊಲದ ದಾರಿಯಲ್ಲಿ ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಿಡಿದು ಚಕ್ರ ತಿರುಗದಂತಾಗುತ್ತದೆ. ಆಗ ಅರ್ಧ ಕ್ಲಚ್ ಹಿಡಿದು ಎಂಜಿನ್ ಕೂಗಿಸುತ್ತ ಹೋದರೆ ತಿಂಗಳುಗಳ ಸವೆತ ಒಂದೇ ಸಂಜೆಯಲ್ಲಿ ಆಗಿಬಿಡುತ್ತದೆ. ಇಳಿದು ಕಡ್ಡಿಯಿಂದ ಮಣ್ಣು ಕೆದರುವುದು ಬೇಸರದ ಕೆಲಸವಾದರೂ ಅಗ್ಗದ ಕೆಲಸ. ಶ್ರಾವಣದಲ್ಲಿ ಉರುಕುಂದಿ ಈರಣ್ಣ ಸ್ವಾಮಿಯ ದರ್ಶನಕ್ಕೆ ಸೇರುವ ಜನಸಂದಣಿಯಲ್ಲೂ ಹೀಗೆಯೇ: ಮೂವರನ್ನು ಕೂರಿಸಿಕೊಂಡು ಎರಡನೆಯ ಗೇರಿನಲ್ಲಿ ಅರ್ಧ ಕ್ಲಚ್ಚಿನಿಂದ ತೆವಳುವುದಕ್ಕಿಂತ ಮೊದಲ ಗೇರಿಗೆ ಇಳಿಯುವುದು, ದಾರಿ ಕಟ್ಟಿದಾಗ ನ್ಯೂಟ್ರಲ್ ಮಾಡಿ ಕೈ ಬಿಡುವುದು ಮೇಲು.

ಅಂಗಳದ ಪರೀಕ್ಷೆಗಳಿಗೆ ಪ್ರೌಢಶಾಲೆಯ ಮಕ್ಕಳನ್ನು ಧಾರಾಳವಾಗಿ ಸೇರಿಸಿಕೊಳ್ಳಬಹುದು. ರಸ್ತೆಯ ಪರೀಕ್ಷೆ ಮಾತ್ರ ದೊಡ್ಡವರದೇ. ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು. 2019 ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಸಿಕ್ಕರೆ ಪಾಲಕರಿಗೆ ಅಥವಾ ಬೈಕಿನ ಮಾಲೀಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗಿನ ಸೆರೆವಾಸವೂ ಆಗಬಹುದು.