ಮಳೆಯ ಲೆಕ್ಕ ತಪ್ಪಿದಾಗ ಹಿತ್ತಿಲ ತರಕಾರಿ

ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಕರಾವಳಿಯ ಕೆಥೋಲಿಕ ಕುಟುಂಬಗಳಲ್ಲಿ ಒಂದು ಕಟ್ಟಳೆಯಿದೆ. ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳನ್ನು ಮನೆಮಂದಿಯೆಲ್ಲ ಹಂಚಿಕೊಂಡ ಬಳಿಕ ಬಡಿಸುವ ಊಟದಲ್ಲಿ ಮೀನು, ಮಾಂಸಗಳಿಗೆ ಎಡೆಯಿಲ್ಲ. ಬಾಳೆಯೆಲೆಯ ಮೇಲಿನ ತರಕಾರಿ ಪದಾರ್ಥಗಳ ಸಂಖ್ಯೆ ಮೂರೋ, ಐದೋ, ಏಳೋ, ಅಂತೂ ಬೆಸವಾಗಿರಬೇಕು. ಬೆಂಡೆ, ಹೀರೆ, ಅಲಸಂಡೆ, ಹರಿವೆ, ಮುಳ್ಳುಸೌತೆ, ಕೆಸು ಇವೆಲ್ಲ ಒಂದು ಕಾಲದಲ್ಲಿ ಮನೆಯ ಹಿತ್ತಿಲಿನಿಂದಲೇ ಎಲೆಗೆ ಬರುತ್ತಿದ್ದವು. ಇಂದು ಅನೇಕ ಮನೆಗಳಲ್ಲಿ ಅವು ಮಾರುಕಟ್ಟೆಯಿಂದ ಬರುತ್ತವೆ. ಸಮಯವಿಲ್ಲ, ಜಾಗವಿಲ್ಲ ಎಂಬ ಕಾರಣಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಕೇಳಿಬರುತ್ತಿದೆ: "ಮಳೆಯನ್ನು ನಂಬಿ ಬೀಜ ಹಾಕುವ ಹಾಗಿಲ್ಲ." ಈ ಮಾತು ಸುಳ್ಳಲ್ಲ. ಆದರೆ ಅದರಿಂದ ಬೀಜ ಹಾಕುವುದನ್ನೇ ಬಿಡಬೇಕೆಂಬ ತೀರ್ಮಾನಕ್ಕೆ ಬರುವುದು ಸರಿಯೇ ಎಂಬುದು ವಿಚಾರಿಸತಕ್ಕ ವಿಷಯ.

ನಮ್ಮ ಹಿರಿಯರಿಗೆ ಮಳೆಯ ಲೆಕ್ಕವೊಂದಿತ್ತು. ತುಳು ತಿಂಗಳು ಬೇಶದ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನವದು. ಅದರ ಆಸುಪಾಸಿನಲ್ಲಿ ತರಕಾರಿ ಬೀಜ ಊರುವ ರೂಢಿ ಜಾತಿ, ಮತಗಳ ಭೇದವಿಲ್ಲದೆ ಹಲವು ಮನೆಗಳಲ್ಲಿ ಇತ್ತು. ಮುಂಗಾರು ಕೇರಳವನ್ನು ತಲಪುವ ವಾಡಿಕೆಯ ದಿನ ಜೂನ್ 1. ನಮ್ಮ ಕರಾವಳಿಗೆ ಅದು ಕೆಲವು ದಿನಗಳ ಅನಂತರ ಬರುತ್ತದೆ. ಆದುದರಿಂದ ಪತ್ತನಾಜೆಗೆ ಊರಿದ ಬೀಜಕ್ಕೆ ಬಿಡಿಮಳೆಯ ತೇವದಲ್ಲಿ ಮೊಳೆತು, ಬೇರೂರಿ, ಎರಡೆಲೆ ಬಿಚ್ಚಲು ಒಂದೆರಡು ವಾರಗಳ ಅವಕಾಶ ಸಿಗುತ್ತಿತ್ತು. ಬಿರುಮಳೆ ಬರುವ ವೇಳೆಗೆ ಗಿಡವು ಅದನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿರುತ್ತಿತ್ತು.

ಈ ಲೆಕ್ಕ ಹೇಗೆ ತಪ್ಪುತ್ತಿದೆ ನೋಡಿ. 2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕಡಲಂಚಿನಲ್ಲಿ ಹಾದು ಹೋಯಿತು. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಆ ವರ್ಷದ ಆಗಸ್ಟ್ ತಿಂಗಳು ದೇಶದ ಮಟ್ಟಿಗೆ 1901ರಿಂದೀಚೆಗಿನ ಅತಿ ಕಡಿಮೆ ಮಳೆಯ ಆಗಸ್ಟ್ ಆಗಿತ್ತು. 2025ರಲ್ಲಾದರೋ ಮೇ 24ರಂದೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತು. ಎರಡು ವರ್ಷಗಳ ಅಂತರದಲ್ಲಿ ಹದಿನೈದು ದಿನಗಳ ವ್ಯತ್ಯಾಸ! ಒಂದು ವರ್ಷ ಬೀಜವು ನೀರಿಗಾಗಿ ಕಾಯಬೇಕು, ಇನ್ನೊಂದು ವರ್ಷ ಅದೇ ದಿನ ಊರಿದ ಬೀಜವು ನೀರಿನಲ್ಲಿ ಕೊಳೆಯಬೇಕು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಹಿಡಿದಿಡಬಲ್ಲ ತೇವಾಂಶವು ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಬಿಸಿಯೇರಿದ ಕಡಲಿನ ಮೇಲಿನಿಂದ ಬರುವ ಗಾಳಿಯು ಸುರಿಸಿದರೆ ಒಮ್ಮೆಲೇ ಸುರಿಸುವುದು ಈ ಕಾರಣದಿಂದ.

ಇದು ಕೇವಲ ಹವ್ಯಾಸಿಗಳ ಚಿಂತೆಯಲ್ಲ. ಕರಾವಳಿಯ ಪೇಟೆಗಳಿಗೆ ತರಕಾರಿಯ ಬಹುಭಾಗ ಘಟ್ಟ ಇಳಿದು ಬರುತ್ತದೆ. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ ಗೃಹಿಣಿಯರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತುದೂ ಉಂಟು. ಯಾವ ಮಳೆ ನಮ್ಮ ಹಿತ್ತಿಲಿನ ಗಿಡವನ್ನು ಕೆಡಿಸುತ್ತದೋ ಅದೇ ಮಳೆ ಘಟ್ಟದ ದಾರಿಯನ್ನೂ ಮುಚ್ಚುತ್ತದೆ. ಹಿತ್ತಿಲನ್ನು ಬಿಟ್ಟು ಮಾರುಕಟ್ಟೆಯನ್ನು ನಂಬಿದವರು ಮಳೆಯ ಹಂಗಿನಿಂದ ಪಾರಾದರೆಂದು ಹೇಳುವಂತಿಲ್ಲ.

ಇಲ್ಲಿ ತತ್ತ್ವಶಾಸ್ತ್ರದ ಒಂದು ಹಳೆಯ ವಿಂಗಡಣೆ ನಮ್ಮ ಸಹಾಯಕ್ಕೆ ಬರುತ್ತದೆ. ಜಗತ್ತಿನ ಸಂಗತಿಗಳಲ್ಲಿ ಕೆಲವು ಸದಾಕಾಲವೂ ಅನಿವಾರ್ಯವಾಗಿ ನಡೆಯುತ್ತವೆ, ಕೆಲವು ಬಹುಮಟ್ಟಿಗೆ ನಡೆಯುತ್ತವೆ, ಉಳಿದವು ಆಕಸ್ಮಿಕ ಎಂದು ಅರಿಸ್ಟಾಟಲನು ತನ್ನ 'ಮೆಟಫಿಸಿಕ್ಸ್' ಗ್ರಂಥದಲ್ಲಿ ವಿವರಿಸುತ್ತಾನೆ. ಅದಕ್ಕೆ ಆತ ಕೊಡುವ ಉದಾಹರಣೆಯೂ ಹವಾಮಾನದ್ದೇ: ಕಡುಬೇಸಗೆಯ ದಿನಗಳಲ್ಲಿ ಚಳಿ ಬಿದ್ದರೆ ನಾವು ಅದನ್ನು ಆಕಸ್ಮಿಕವೆನ್ನುತ್ತೇವೆ, ಸೆಕೆಯಾದರೆ ಹಾಗೆನ್ನುವುದಿಲ್ಲ. ಹಿರಿಯರ ಮಳೆಯ ಲೆಕ್ಕ ಎಂದೂ ಮೊದಲನೆಯ ವರ್ಗಕ್ಕೆ ಸೇರಿದ್ದಾಗಿರಲಿಲ್ಲ. ಅದು 'ಬಹುಮಟ್ಟಿಗೆ' ಎಂಬ ಎರಡನೆಯ ವರ್ಗದ ಜ್ಞಾನ. ಇಂದು ಆ 'ಬಹುಮಟ್ಟಿಗೆ' ಎಂಬುದರ ವ್ಯಾಪ್ತಿ ಕುಗ್ಗುತ್ತಿದೆ. ಅಷ್ಟರಿಂದ ಆ ಜ್ಞಾನ ವ್ಯರ್ಥವಾಗುವುದಿಲ್ಲ. ಅದನ್ನು ಹಿಡಿಯುವ ಬಗೆ ಬದಲಾಗಬೇಕು. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಸ್ಮರಣೆಯನ್ನೂ ಮುಂದಾಲೋಚನೆಯನ್ನೂ ಎಚ್ಚರವನ್ನೂ ಒಟ್ಟಿಗೆ ಇಟ್ಟಿದ್ದಾರೆ. ಪತ್ತನಾಜೆಯ ಲೆಕ್ಕ ನಮ್ಮ ಸ್ಮರಣೆ. ಅದು ತಪ್ಪಿದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿಡುವುದು ಮುಂದಾಲೋಚನೆ. ಇದ್ದುದೆಲ್ಲವನ್ನೂ ಒಂದೇ ದಿನಕ್ಕೆ ಒಡ್ಡದಿರುವುದು ಎಚ್ಚರ.

ಹಿತ್ತಿಲಿನ ಮಟ್ಟಿಗೆ ಇದರ ಅರ್ಥ ಸರಳ. ಕೈಯಲ್ಲಿ ಒಂದು ಹಿಡಿ ಬೀಜವಿದ್ದರೆ ಅದನ್ನು ಮೂರು ಪಾಲು ಮಾಡಬೇಕು. ಮೊದಲನೆಯ ಪಾಲನ್ನು ವಾಡಿಕೆಯಂತೆ ಪತ್ತನಾಜೆಯ ಹೊತ್ತಿಗೆ ಊರಬಹುದು. ಎರಡನೆಯದನ್ನು ಎರಡು ಮೂರು ವಾರ ಬಿಟ್ಟು, ಮಾಡಿನ ಕೆಳಗೆ ತೊಟ್ಟೆಗಳಲ್ಲಿ ಮೊಳೆಯಿಸಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ ನೆಡಬಹುದು. ಮೂರನೆಯ ಪಾಲನ್ನು ಮೊದಲೆರಡು ಪಾಲಿನ ಗಿಡಗಳು ಕಾಯಿ ಬಿಡುವ ತನಕ ಮುಟ್ಟಲೇಬಾರದು. ಮೊಂತಿ ಹಬ್ಬದ ಎಲೆಗಾಗಿ ಬೆಳೆಸುವವರು ಹಿಂದಕ್ಕೆ ಎಣಿಸಲಿ. ಹರಿವೆ ಸುಮಾರು 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಬೆಂಡೆಗೆ 50 ದಿನ, ಅಲಸಂಡೆ ಮತ್ತು ಹೀರೆಗೆ 60 ದಿನ ಇಟ್ಟುಕೊಳ್ಳಬೇಕು. ಅಂದರೆ ಆಗಸ್ಟ್ 9, ಜುಲೈ 20, ಜುಲೈ 10 ಇವು ಕೊನೆಯ ಗಡುವುಗಳು. ಆಟಿಯ ಬಿಸಿಲಿಲ್ಲದ ದಿನಗಳಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಇವಕ್ಕಿಂತ ಹತ್ತು ದಿನ ಮುಂಚಿತವಾಗಿ ಊರುವುದು ಒಳ್ಳೆಯದು.

ನೀರಿನ ಲೆಕ್ಕವನ್ನೂ ಅರಿತಿರಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಹವಾಮಾನ ಇಲಾಖೆಯು ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ 115 ಮಿಲಿಮೀಟರಿಗೂ ಮಿಕ್ಕಿ ಮಳೆಯ ಸಂಭವವಿರುತ್ತದೆ. ಅಂದರೆ ಬಾಗಿಲಿನಗಲದ ಒಂದು ಸಣ್ಣ ಮಡಿಯ ಮೇಲೆ ನೂರು ಲೀಟರಿಗೂ ಹೆಚ್ಚು ನೀರು ಬೀಳುತ್ತದೆ! ಅಂತಹ ದಿನಗಳ ಮುನ್ನ ಬೀಜ ಊರಬಾರದು, ಗೊಬ್ಬರ ಹಾಕಬಾರದು. ಮಡಿಯನ್ನು ಒಂದು ಅಡಿ ಎತ್ತರಿಸಿ, ಸುತ್ತ ನೀರು ಹರಿದುಹೋಗುವ ಕಣಿ ತೆಗೆಯಬೇಕು. ಬುಡದಲ್ಲಿ ನೀರು ನಿಂತರೆ ಬೇರಿಗೆ ಉಸಿರಾಟವಿಲ್ಲ; ಎಳೆಯ ಸಸಿಯ ಬುಡ ಕೊಳೆಯುವುದು ಹೆಚ್ಚಾಗಿ ಇದರಿಂದಲೇ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿಗುಣದ್ದು, ಬಿರುಮಳೆಗೆ ಅದರ ಸತ್ತ್ವ ತೊಳೆದು ಹೋಗುತ್ತದೆ. ಆದುದರಿಂದ ಸ್ವಲ್ಪ ಸುಣ್ಣ ಬೆರೆಸಿ, ಹಟ್ಟಿಗೊಬ್ಬರ ಹಾಗೂ ಸುಡುಮಣ್ಣನ್ನು ಒಂದೇ ಸಲಕ್ಕೆ ಸುರಿಯದೆ ಹದಿನೈದು ದಿನಗಳಿಗೊಮ್ಮೆ ಒಂದೊಂದು ಹಿಡಿ ಕೊಡುವುದು ಲೇಸು. ಬುಡಕ್ಕೆ ಹೊದಿಸಿದ ತರಗೆಲೆ ಎರಡು ಕೆಲಸ ಮಾಡುತ್ತದೆ: ಮಳೆಯಲ್ಲಿ ಮಣ್ಣು ಸಿಡಿಯದಂತೆ ಕಾಯುತ್ತದೆ, 2023ರ ಆಗಸ್ಟಿನಂತೆ ಮಳೆ ಕೈಕೊಟ್ಟಾಗ ತೇವ ಆರದಂತೆ ಹಿಡಿಯುತ್ತದೆ.

ಹೂ ಬಿಟ್ಟೂ ಕಾಯಿ ನಿಲ್ಲದಿದ್ದರೆ ಗಿಡವನ್ನು ಕೀಳಲು ಅವಸರಪಡಬಾರದು. ಎಡೆಬಿಡದೆ ಮಳೆ ಸುರಿಯುವಾಗ ಜೇನ್ನೊಣಗಳು ಹೊರಡುವುದಿಲ್ಲ, ಪರಾಗವೂ ತೊಯ್ದು ಕೆಡುತ್ತದೆ. ಸಿಹಿಗುಂಬಳದ ಹೂ ಬೆಳಿಗ್ಗೆ ಅರಳುತ್ತದೆ, ಹೀರೆಯದು ಸಂಜೆ. ಹಿಂಬದಿಯಲ್ಲಿ ಸಣ್ಣ ಪೀಚು ಇರುವುದು ಹೆಣ್ಣು ಹೂ. ಆ ಹೊತ್ತಿಗೆ ಗಂಡು ಹೂವೊಂದನ್ನು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಸವರಿದರೆ ಸಾಕು. ಮನೆಯ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸವಿದು. ಪಾಠಪುಸ್ತಕದ ಚಿತ್ರದಲ್ಲಿ ಕಂಡುದನ್ನು ಅವರು ಕೈಯಾರೆ ಮಾಡಿ ತಿಳಿಯುತ್ತಾರೆ.

ಬೆಳೆಗಳ ಆಯ್ಕೆಯಲ್ಲಿಯೂ ಒಂದನ್ನೇ ನಂಬದಿರುವುದು ಕ್ಷೇಮ. ಹೆಚ್ಚು ಮಳೆಯಾದರೆ ಕೆಸು ಹಿಗ್ಗುತ್ತದೆ, ಕಡಿಮೆಯಾದರೆ ನುಗ್ಗೆ ಸೋಲುವುದಿಲ್ಲ. ಸುವರ್ಣಗೆಡ್ಡೆ ನೆಲದೊಳಗೆ ತನ್ನ ಪಾಡಿಗೆ ಬೆಳೆಯುತ್ತದೆ. ಬಸಳೆಯನ್ನೂ ತೊಂಡೆಯನ್ನೂ ಬಳ್ಳಿಯ ತುಂಡಿನಿಂದಲೇ ಎಬ್ಬಿಸಬಹುದಾದುದರಿಂದ ಒಂದು ಚಪ್ಪರ ಹಾಳಾದರೂ ನೆರೆಮನೆಯ ಬಳ್ಳಿಯಿಂದ ಮತ್ತೆ ಆರಂಭಿಸಬಹುದು. ರಾತ್ರಿಯೂ ಸೆಕೆಯಿರುವ ನಮ್ಮ ಬೇಸಗೆಯಲ್ಲಿ ಟೊಮೆಟೊ ಹೂ ಬಿಟ್ಟರೂ ಸರಿಯಾಗಿ ಕಾಯಿ ಕಟ್ಟದು. ಅದಕ್ಕೆ ನವೆಂಬರ್ ಬಳಿಕದ ತಂಪೇ ಸೂಕ್ತ. ಫ್ಲ್ಯಾಟುಗಳಲ್ಲಿ ವಾಸಿಸುವವರೂ ನಿರಾಶರಾಗಬೇಕಿಲ್ಲ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ನಾಲ್ಕು ಗ್ರೋಬ್ಯಾಗುಗಳಿದ್ದರೆ ಹರಿವೆಗೂ ಬೆಂಡೆಗೂ ಸಾಕು. ಮೇಲಾಗಿ ಬಿರುಮಳೆಯ ದಿನ ಅವುಗಳನ್ನು ಒಳಕ್ಕೆ ಸರಿಸಿಡಬಹುದು. ಈ ಅನುಕೂಲ ಎಕರೆಗಟ್ಟಲೆ ತೋಟವುಳ್ಳವರಿಗೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ವರ್ಷ ಬೆಳೆ ಹೋಗುತ್ತದೆ. ಅದು ದುಃಖದ ವಿಷಯವಾದರೂ ತುಂಬಲಾಗದ ನಷ್ಟವಲ್ಲ. ತುಂಬಲಾಗದ ನಷ್ಟವೆಂದರೆ ಬೀಜದ್ದು. ಅಜ್ಜಿಯ ಕಾಲದಿಂದ ಒಂದು ಮನೆಯಲ್ಲಿ ಉಳಿದುಬಂದ ಬೆಂಡೆಯ ಅಥವಾ ಮುಳ್ಳುಸೌತೆಯ ತಳಿಯು ಈ ಮಣ್ಣಿನ, ಈ ಮಳೆಯ ಎಷ್ಟೋ ಪೆಟ್ಟುಗಳನ್ನು ತಿಂದು ಉಳಿದಿರುವಂಥದ್ದು. ಇದ್ದ ಬೀಜವನ್ನೆಲ್ಲ ಒಂದೇ ದಿನ ಊರಿ, ಅಂದೇ ಬಿರುಮಳೆ ಬಂದು ಎಲ್ಲವೂ ಕೊಳೆತರೆ ಆ ತಳಿ ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಬೇರೆ ಬೀಜ ಸಿಗಬಹುದು, ಅದು ಸಿಗಲಾರದು. ಹೈಬ್ರಿಡ್ ಬೀಜವಾದರೆ ಅದರ ಕಾಯಿಯಿಂದ ತೆಗೆದ ಬೀಜವು ಮುಂದಿನ ವರ್ಷ ತಾಯಿಗಿಡದ ಗುಣವನ್ನೇ ಕೊಡುವುದೆಂಬ ಭರವಸೆಯೂ ಇಲ್ಲ.

ಆದುದರಿಂದ ಪ್ರತಿವರ್ಷ ಆರೋಗ್ಯವಂತ ಗಿಡದ ಒಂದೆರಡು ಒಳ್ಳೆಯ ಕಾಯಿಗಳನ್ನು ಅಡುಗೆಗೆ ಕೊಯ್ಯದೆ ಬೀಜಕ್ಕೆಂದು ಬಿಡಬೇಕು. ಬಲಿತ ಮೇಲೆ ಬೀಜ ತೆಗೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಗಾಜಿನ ಶೀಸೆಯಲ್ಲಿ ಮುಚ್ಚಿಟ್ಟು, ತೆಗೆದ ತಿಂಗಳನ್ನೂ ವರ್ಷವನ್ನೂ ಮೇಲೆ ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಒಂದು ಪಾಲನ್ನು ಬೇರೆ ಮನೆಗೆ ಕೊಡಬೇಕು. ನೆರೆಯವರಿಗೆ, ಅಕ್ಕನ ಮನೆಗೆ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೆ. ನಮ್ಮ ಹಿತ್ತಿಲು ಕೊಚ್ಚಿಹೋದ ವರ್ಷ ಅವರ ಹಿತ್ತಿಲು ಉಳಿದಿರಬಹುದು, ಅವರದು ಒಣಗಿದ ವರ್ಷ ನಮ್ಮದು ಹಸಿರಾಗಿರಬಹುದು. ನಂಬಿ ಕೊಟ್ಟ ಬೀಜವನ್ನು ಮರಳಿ ಕೇಳಲು ಯಾರೂ ನಾಚಬೇಕಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಅವರ ಬಳಿ ಕುಳಿತು ಯಾವ ಬೀಜ ಎಲ್ಲಿದೆಯೆಂದು ಕೇಳಿ ತಿಳಿದುಕೊಳ್ಳಿ. ಅಟ್ಟದ ಮೇಲೆ ಮರೆತುಹೋದ ಶೀಸೆಯೊಂದಿದ್ದರೆ ಕೆಳಗಿಳಿಸಿ, ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ನಾಲ್ಕು ಮೊಳೆತರೂ ಆ ತಳಿ ಇನ್ನೂ ನಮ್ಮ ನಡುವೆ ಇದೆಯೆಂದು ತಿಳಿಯಬಹುದು.